ರಾತ್ರಿ ಹತ್ತಾದರೂ ಮನೆ ಯಾಕೆ ಕುದಿಯುತ್ತದೆ? ಬೇಸಿಗೆ ಮನೆಯ ದೋಷ ಹುಡುಕುವ ಬಗೆ

ನಮ್ಮ ಮನೆ ಕಲಬುರಗಿಯಲ್ಲಿದೆ. 30-40 ಸೈಟು, ಪಶ್ಚಿಮಕ್ಕೆ ರಸ್ತೆ. ಕೆಳಗೆ ಬಾಡಿಗೆಯವರು, ಮೇಲಿನ ಮಹಡಿಯಲ್ಲಿ ನಾವು. ನಮ್ಮ ತಲೆಯ ಮೇಲೆ ಬರೀ ಆರ್‌ಸಿಸಿ ಸ್ಲ್ಯಾಬು, ಅದರ ಮೇಲೆ ಸೂರ್ಯ. ಏಪ್ರಿಲ್, ಮೇನಲ್ಲಿ ಇಲ್ಲಿ ಉಷ್ಣಾಂಶ 40 ಡಿಗ್ರಿ ದಾಟುವುದು ಹೊಸದಲ್ಲ. ಆದರೆ ನಮ್ಮನ್ನು ಕಂಗೆಡಿಸಿದ್ದು ಮಧ್ಯಾಹ್ನದ ಬಿಸಿಲಲ್ಲ, ರಾತ್ರಿ. ಹತ್ತು ಗಂಟೆಗೆ ಬೀದಿಯಲ್ಲಿ ನಿಂತರೆ ಹಿತವಾದ ಗಾಳಿ. ಒಳಗೆ ಬಂದರೆ ಧಗೆ. ಅವ್ವ ಒಂದು ರಾತ್ರಿ ಎದ್ದು ಕೂತು ಹೇಳಿದಳು: "ರೊಟ್ಟಿ ಹಂಚು ತಲಿ ಮ್ಯಾಲ ಇಟ್ಟಂಗ ಆಗ್ಯಾದ ನೋಡಪಾ."

ಆ ಮಾತಿನಲ್ಲೇ ಉತ್ತರ ಇತ್ತು. ನನಗೆ ಅದು ತಿಳಿಯಲು ಎರಡು ಬೇಸಿಗೆ ಬೇಕಾಯಿತು. ಅಷ್ಟರಲ್ಲಿ ದೊಡ್ಡ ಕೂಲರ್ ಬಂದಿತ್ತು, ದಪ್ಪ ಪರದೆ ಬಂದಿತ್ತು, ಇನ್ನೊಂದು ಫ್ಯಾನೂ ಬಂದಿತ್ತು. ರಾತ್ರಿ ಮಾತ್ರ ಹಾಗೇ ಇತ್ತು. ರೋಗ ಗೊತ್ತಿಲ್ಲದೆ ಔಷಧಿ ಕೊಟ್ಟರೆ ಹೀಗೇ ಆಗುವುದು. ಅದಕ್ಕೇ ಹೇಳುತ್ತೇನೆ, ಏನನ್ನಾದರೂ ಕೊಳ್ಳುವ ಮೊದಲು ಶಾಖ ಎಲ್ಲಿಂದ ಬರುತ್ತಿದೆ, ಯಾವ ಹೊತ್ತಿಗೆ ಬರುತ್ತಿದೆ ಎಂದು ಹಿಡಿಯಿರಿ. ಹೊತ್ತು ಗೊತ್ತಾದರೆ ಅರ್ಧ ದೋಷ ಸಿಕ್ಕಿದ ಹಾಗೆ.

ಮೊದಲು ಎರಡು ದಿನದ ತಪಾಸಣೆ

ಬೇಕಾಗುವುದು ಗೋಡೆಗೆ ತೂಗುಹಾಕುವ ಎರಡು ಸಾದಾ ಥರ್ಮಾಮೀಟರ್, ಒಂದು ನೋಟ್‌ಬುಕ್. ಒಂದನ್ನು ಮಲಗುವ ಕೋಣೆಯಲ್ಲಿ, ಮಂಚದ ಎತ್ತರಕ್ಕೆ ಇಡಿ. ಇನ್ನೊಂದನ್ನು ಹೊರಗೆ, ದಿನವಿಡೀ ನೆರಳಿರುವ ಕಡೆ ಇಡಿ. ಬಿಸಿಲಿಗೆ ಇಟ್ಟರೆ ಅದು ಗಾಳಿಯ ಬಿಸಿ ತೋರಿಸುವುದಿಲ್ಲ, ತನ್ನ ಮೈ ಕಾದಿದ್ದನ್ನು ತೋರಿಸುತ್ತದೆ. ಬೆಳಿಗ್ಗೆ 6, 9, ಮಧ್ಯಾಹ್ನ 1, ಸಂಜೆ 5, ರಾತ್ರಿ 8, 10. ಈ ಆರು ಹೊತ್ತಿನಲ್ಲಿ ಎರಡನ್ನೂ ಬರೆದುಕೊಳ್ಳಿ.

ಈಗ ರಾತ್ರಿ ಹತ್ತರ ಲೆಕ್ಕ ನೋಡಿ. ಒಳಗೂ ಹೊರಗೂ ಹೆಚ್ಚುಕಡಿಮೆ ಒಂದೇ ಇದ್ದರೆ ಮನೆಯದೇನೂ ತಪ್ಪಿಲ್ಲ, ಊರೇ ಬಿಸಿ ಇದೆ. ಒಳಗೆ ಮೂರು ನಾಲ್ಕು ಡಿಗ್ರಿ ಜಾಸ್ತಿ ಇದ್ದರೆ ಮನೆ ಹಗಲಿನ ಶಾಖವನ್ನು ಹಿಡಿದಿಟ್ಟುಕೊಂಡು ನಿಮ್ಮ ಮೇಲೆ ಬಿಡುತ್ತಿದೆ ಎಂದರ್ಥ. ನಮ್ಮಲ್ಲಿ ಐದು ಡಿಗ್ರಿ ಜಾಸ್ತಿ ಇತ್ತು.

ಆಮೇಲೆ ಕೈ ಪರೀಕ್ಷೆ. ರಾತ್ರಿ ಒಂಬತ್ತಕ್ಕೆ ಫ್ಯಾನ್ ಆರಿಸಿ. ನಾಲ್ಕೂ ಗೋಡೆಗೆ ಅಂಗೈ ಇಡಿ. ಗಟ್ಟಿಯಾದ ಸ್ಟೂಲ್ ಮೇಲೆ ನಿಂತು, ಕೆಳಗೆ ಯಾರಾದರೂ ಹಿಡಿದುಕೊಂಡಿರಲಿ, ಸೂರಿಗೂ ಅಂಗೈ ಇಡಿ. ನೆಲವನ್ನೂ ಮುಟ್ಟಿ. ಎಲ್ಲಕ್ಕಿಂತ ಬೆಚ್ಚಗೆ ಯಾವುದಿದೆಯೋ ಅದೇ ಕಳ್ಳ. ದುಬಾರಿ ಉಪಕರಣ ಏನೂ ಬೇಡ, ಅಂಗೈಗೆ ಎರಡು ಮೂರು ಡಿಗ್ರಿಯ ವ್ಯತ್ಯಾಸ ಚೆನ್ನಾಗಿಯೇ ತಿಳಿಯುತ್ತದೆ.

ಸಂಜೆಯಿಂದ ನಡುರಾತ್ರಿವರೆಗೆ ಧಗೆ, ಸೂರು ಬಿಸಿ: ದೋಷ ತಾರಸಿಯದು

ಮೇಲಿನ ಮಹಡಿಯಲ್ಲಿ ಇರುವವರಿಗೆ ಬಹುಪಾಲು ಇದೇ. ಕಾರಣ ಬರೀ ಸ್ಲ್ಯಾಬಲ್ಲ, ನಮ್ಮ ಊರು ಇರುವ ಜಾಗವೂ ಹೌದು. ಕರ್ನಾಟಕ ಪೂರ್ತಿ ಕರ್ಕಾಟಕ ವೃತ್ತಕ್ಕಿಂತ ಕೆಳಗಿದೆ. ಹಾಗಾಗಿ ಸೂರ್ಯ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೇ ಬರುತ್ತಾನೆ. ಬೆಂಗಳೂರಿನಲ್ಲಿ ಅದು ಏಪ್ರಿಲ್ 24ರ ಸುಮಾರಿಗೆ, ಕಲಬುರಗಿಯಲ್ಲಿ ಮೇ 10ರ ಸುಮಾರಿಗೆ. ಆವತ್ತು ನಡುಮಧ್ಯಾಹ್ನ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಬಿಸಿಲು ಎಲ್ಲಕ್ಕಿಂತ ಬಿರುಸಾಗಿರುವ ತಿಂಗಳಿನಲ್ಲೇ ಅದು ನೇರವಾಗಿ ತಾರಸಿಯ ಮೇಲೆ ಬೀಳುತ್ತದೆ.

ಎಷ್ಟು ಬೀಳುತ್ತದೆ? ಮೋಡ ಇಲ್ಲದ ದಿನ ನಡುಮಧ್ಯಾಹ್ನ ಪ್ರತಿ ಚದರ ಮೀಟರಿಗೆ ಸುಮಾರು 1000 ವ್ಯಾಟ್. ಸಾವಿರ ಚದರ ಅಡಿಯ ತಾರಸಿ ಎಂದರೆ ಸುಮಾರು 93 ಚದರ ಮೀಟರ್. ಸ್ನಾನದ ಮನೆಯ 2000 ವ್ಯಾಟಿನ ಗೀಸರ್ ನಲವತ್ತಕ್ಕೂ ಹೆಚ್ಚು ತಂದು ತಾರಸಿ ಮೇಲೆ ಸಾಲಾಗಿ ಹಚ್ಚಿಟ್ಟ ಹಾಗೆ. ಹಳೆಯದಾಗಿ ಕಪ್ಪುಗಟ್ಟಿದ ಸಿಮೆಂಟು ಇದರ ಬಹುಪಾಲನ್ನು ಕುಡಿಯುತ್ತದೆ.

ಐದು ಇಂಚಿನ ಕಾಂಕ್ರೀಟು ಈ ಬಿಸಿಯನ್ನು ಕೂಡಲೇ ಕೆಳಗೆ ಬಿಡುವುದಿಲ್ಲ. ಮೇಲ್ಮೈ ಒಂದೆರಡು ಗಂಟೆಗೆ ಸುಡುತ್ತಿದ್ದರೆ ಕೆಳಮೈ ತೀರಾ ಕಾಯುವುದು ಸಂಜೆ ಐದಾರಕ್ಕೆ. ಅಲ್ಲಿಂದ ರಾತ್ರಿ ಹನ್ನೊಂದರವರೆಗೂ ಅದು ಕೋಣೆಯೊಳಗೆ ಶಾಖ ಸೂಸುತ್ತಲೇ ಇರುತ್ತದೆ. ಈ ಶಾಖ ಗಾಳಿಯ ಮೂಲಕ ಬರುವುದಲ್ಲ. ಒಲೆಯ ಮುಂದೆ ಕೂತಾಗ ಮುಖಕ್ಕೆ ತಾಕುವ ಝಳ ಇದೆಯಲ್ಲ, ಹಾಗೆ ನೇರವಾಗಿ ಮೈಗೆ ತಾಕುತ್ತದೆ. ಫ್ಯಾನ್ ಅದನ್ನು ತಡೆಯಲಾರದು. ಅವ್ವ ಹೇಳಿದ ಹಂಚು ಇದೇ.

ನಿವಾರಣೆ: ತಾರಸಿಯನ್ನು ಬೆಳ್ಳಗೆ ಮಾಡಿ. ಇದಕ್ಕಿಂತ ಅಗ್ಗದ, ಇದಕ್ಕಿಂತ ಖಾತ್ರಿಯ ಕೆಲಸ ನನಗೆ ಗೊತ್ತಿಲ್ಲ. ಹೊಸ ಬಿಳಿ ಬಳಿತ ಬಿಸಿಲಿನ ಮುಕ್ಕಾಲು ಪಾಲಿನಷ್ಟನ್ನು ವಾಪಸ್ ಆಕಾಶಕ್ಕೆ ಕಳಿಸುತ್ತದೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೆಂದೇ ಒಂದು ನೀತಿ ತಂದಿತು. 2010ರ ಬಿಸಿಗಾಳಿಯಲ್ಲಿ ತುಂಬಾ ಜನರನ್ನು ಕಳೆದುಕೊಂಡ ಅಹಮದಾಬಾದ್ 2013ರಲ್ಲಿ ಬಿಸಿಗಾಳಿ ಎದುರಿಸುವ ಯೋಜನೆ ಮಾಡಿಕೊಂಡಿತು. ಬಡವರ ಮನೆಗಳ ಸೂರಿಗೆ ಬಿಳಿ ಬಳಿಯುವ ಕೆಲಸವನ್ನೂ ಆ ಊರು ಮುಂದೆ ಕೈಗೆತ್ತಿಕೊಂಡಿತು.

ಅಂಗಡಿಯಲ್ಲಿ ಸಿಗುವ ಕೂಲ್ ರೂಫ್ ಪೇಂಟ್ ಹಚ್ಚಬಹುದು, ಅದು ಕೆಲವು ವರ್ಷ ಬಾಳುತ್ತದೆ. ನಾವು ಸುಣ್ಣ ಹಚ್ಚಿದೆವು. ಮಾಡಿದ್ದು ಹೀಗೆ. ಸುಟ್ಟ ಸುಣ್ಣದ ಹರಳನ್ನು ಡ್ರಮ್ಮಿನಲ್ಲಿ ಹಾಕಿ ನೀರು ಬಿಟ್ಟು ಒಂದು ರಾತ್ರಿ ನೆನೆಸಿದೆವು. ನೀರು ಬಿದ್ದೊಡನೆ ಅದು ಕೊತಕೊತ ಕುದಿಯುತ್ತದೆ, ಮಕ್ಕಳನ್ನು ಹತ್ತಿರ ಬಿಡಬೇಡಿ. ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಉದುರದೆ ಹಿಡಿದುಕೊಳ್ಳಲಿ ಎಂದು ಫೆವಿಕಾಲ್ ಮತ್ತು ಸ್ವಲ್ಪ ಬಿಳಿ ಸಿಮೆಂಟ್ ಬೆರೆಸಿದೆವು. ತಾರಸಿಯನ್ನು ತಂತಿ ಬ್ರಷ್‌ನಿಂದ ಉಜ್ಜಿ, ತೊಳೆದು, ತೇವ ಇರುವಾಗಲೇ ಮೊದಲ ಕೋಟು. ಒಣಗಿದ ಮೇಲೆ ಅಡ್ಡಡ್ಡ ಎರಡನೆಯದು, ಮತ್ತೆ ಉದ್ದುದ್ದ ಮೂರನೆಯದು. ಕೆಲಸ ಬೆಳಿಗ್ಗೆ ಎಂಟರ ಒಳಗೆ, ಇಲ್ಲವೇ ಬಿಸಿಲು ಇಳಿದ ಮೇಲೆ. ಸುಡುವ ಸ್ಲ್ಯಾಬಿಗೆ ಹಚ್ಚಿದರೆ ಪುಡಿಯಾಗಿ ಏಳುತ್ತದೆ. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಸುಣ್ಣ ಕಣ್ಣಿಗೆ ಬಿದ್ದರೆ ತುಂಬಾ ಹೊತ್ತು ನೀರಿನಲ್ಲಿ ತೊಳೆದು ನೇರ ಡಾಕ್ಟರ ಹತ್ತಿರ ಹೋಗಬೇಕು.

ಸುಣ್ಣ ಒಂದು ಮಳೆಗಾಲಕ್ಕೆ ತೊಳೆದುಹೋಗುತ್ತದೆ. ಪ್ರತಿ ವರ್ಷ ಹಚ್ಚಬೇಕು. ನಾವು ಶಿವರಾತ್ರಿ ಆದ ಮೇಲೆ, ಯುಗಾದಿಯ ಒಳಗೆ ಮುಗಿಸುತ್ತೇವೆ. ನಮ್ಮ ಕಡೆ ಧೂಳು ಜಾಸ್ತಿ, ಬಿಳಿ ಬೇಗ ಮಾಸುತ್ತದೆ. ಅದಕ್ಕೆ ವಾರಕ್ಕೊಮ್ಮೆ ಗುಡಿಸುವುದೂ ನಿವಾರಣೆಯ ಒಂದು ಭಾಗವೇ.

ಬಿಳಿ ಬಳಿದರೂ ಸಾಲದಿದ್ದರೆ ನೆರಳು ಕೊಡಿ. ಕಂಬ ನಿಲ್ಲಿಸಿ ಶೇಡ್ ನೆಟ್ ಕಟ್ಟಬಹುದು, ಆದರೆ ಸ್ಲ್ಯಾಬಿಗೂ ನೆಟ್ಟಿಗೂ ನಡುವೆ ಗಾಳಿಯಾಡಲು ಆಳೆತ್ತರ ಜಾಗ ಬೇಕು. ಹೊಸದಾಗಿ ಸೋಲಾರ್ ಫಲಕ ಹಾಕಿಸುವವರಿಗೆ ಅದರ ನೆರಳೂ ಲಾಭವೇ. ಸಂಜೆ ತಾರಸಿಗೆ ನೀರು ಹೊಡೆಯುವುದು ಕೆಲಸ ಮಾಡುತ್ತದೆ, ಒಂದು ಲೀಟರ್ ನೀರು ಆರುವಾಗ ಸುಮಾರು ಮೂರನೇ ಎರಡು ಯೂನಿಟ್ ಕರೆಂಟಿನಷ್ಟು ಶಾಖ ಹೊತ್ತೊಯ್ಯುತ್ತದೆ. ಆದರೆ ಬೇಸಿಗೆಯಲ್ಲಿ ನಮ್ಮಲ್ಲಿ ನೀರೇ ದುರ್ಲಭ. ಕೊಡಗಟ್ಟಲೆ ಸುರಿಯುವುದು ಬೇಡ, ತೆಳ್ಳಗೆ ಚಿಮುಕಿಸಿದರೆ ಸಾಕು. ಬಿರುಕಿರುವ ತಾರಸಿಗೆ ಅದೂ ಬೇಡ, ಒಳಗೆ ಸೋರುತ್ತದೆ.

ನಮ್ಮ ಅಜ್ಜನ ಊರಿನಲ್ಲಿ ಮಣ್ಣಿನ ಮಾಳಿಗೆಯ ಮನೆ ಇತ್ತು. ತೊಲೆ, ಜಂತಿ, ಅದರ ಮೇಲೆ ಒಂದಡಿಗೂ ಹೆಚ್ಚು ದಪ್ಪಕ್ಕೆ ಮಣ್ಣು. ನಡುವೆ ಬೆಳಕಿಂಡಿ. ಆ ಮಣ್ಣು ದಾಟಿ ಬಿಸಿಲು ಒಳಗೆ ಬರುವಷ್ಟರಲ್ಲಿ ಬೆಳಗಾಗುತ್ತಿತ್ತು. ಬಿಸಿಗಾಳಿ ಬೆಳಕಿಂಡಿಯಿಂದ ಮೇಲೆ ಹೋಗುತ್ತಿತ್ತು. ನಾವು ಆ ದಪ್ಪವನ್ನೂ ಬಿಟ್ಟೆವು, ಆ ಕಿಂಡಿಯನ್ನೂ ಮುಚ್ಚಿದೆವು. ಮನೆ ಕಟ್ಟಿಸುವವರು ಇದನ್ನು ಯೋಚಿಸಬೇಕು ಎಂದು ನನಗೆ ನಿಜಕ್ಕೂ ಅನಿಸುತ್ತದೆ.

ತಗಡು ಅಥವಾ ಸಿಮೆಂಟ್ ಶೀಟಿನ ಮನೆಗೆ ಲೆಕ್ಕ ಬೇರೆ. ತೆಳ್ಳಗಿರುವುದರಿಂದ ಅದು ಬಿಸಿಲು ಬಿದ್ದ ತಕ್ಷಣ ಕಾಯುತ್ತದೆ, ಬಿಸಿಲು ಹೋದ ತಕ್ಷಣ ಆರುತ್ತದೆ. ಅಂದರೆ ಕಷ್ಟ ಹಗಲಿನಲ್ಲಿ. ಮೇಲೆ ಬಿಳಿ ಬಣ್ಣ, ಅದರ ಮೇಲೆ ತೆಂಗಿನ ಗರಿಯ ಹೊದಿಕೆ, ಇಲ್ಲವೇ ಹಗ್ಗ ಕಟ್ಟಿ ಹಬ್ಬಿಸಿದ ಸೋರೆ, ಹೀರೆ ಬಳ್ಳಿ. ಹಳೆಯ ಆಸ್ಬೆಸ್ಟಾಸ್ ಶೀಟನ್ನು ಮಾತ್ರ ಕೊರೆಯಬೇಡಿ, ಉಜ್ಜಬೇಡಿ. ಅದರ ಪುಡಿ ಶ್ವಾಸಕೋಶಕ್ಕೆ ಅಪಾಯ.

ಮಧ್ಯಾಹ್ನ ಮೂರರ ಮೇಲೆ ಒಂದೇ ಕೋಣೆ ಕಾಯುತ್ತದೆ: ದೋಷ ಪಶ್ಚಿಮದ್ದು

ನಮ್ಮ ಮುಂದಿನ ಕೋಣೆ ಹೀಗೆ. ಕಿಟಕಿಗೆ ಸಜ್ಜಾ ಇದೆ, ಆದರೂ ಬಿಸಿಲು ಒಳಗೆ ಬರುತ್ತದೆ. ಯಾಕೆಂದರೆ ಸಂಜೆಯ ಸೂರ್ಯ ಕೆಳಗಿರುತ್ತಾನೆ, ಸಜ್ಜಾದ ಅಡಿಯಿಂದ ನುಗ್ಗುತ್ತಾನೆ. ಅಡ್ಡ ಚಾಚಿದ ನೆರಳು ಇಲ್ಲಿ ಸಾಲದು, ನೇರ ಇಳಿಬಿಟ್ಟ ನೆರಳು ಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಳಗೆ ದಪ್ಪ ಪರದೆ ಹಾಕುವುದು. ಬಿಸಿಲು ಗಾಜು ದಾಟಿ ಒಳಗೆ ಬಂದಾಗಲೇ ಶಾಖ ಮನೆ ಹೊಕ್ಕಿತು. ಪರದೆ ಕಾಯುತ್ತದೆ, ಆ ಪರದೆ ಕೋಣೆಯನ್ನು ಕಾಯಿಸುತ್ತದೆ. ಅದೇ ಪರದೆಯನ್ನು ಗಾಜಿನ ಹೊರಗೆ ಕಟ್ಟಿದರೆ ಶಾಖ ಹೊರಗೇ ಉಳಿಯುತ್ತದೆ. ಬಿದಿರಿನ ತಟ್ಟಿ ಒಳ್ಳೆಯದು, ಸುತ್ತಿ ಮೇಲಕ್ಕೆ ಕಟ್ಟಬಹುದು. ಲಾವಂಚದ ತಟ್ಟಿ ಸಿಕ್ಕರೆ ಇನ್ನೂ ಒಳ್ಳೆಯದು, ನೀರು ಚಿಮುಕಿಸಿದರೆ ತಂಪಿನ ಜೊತೆ ಘಮವೂ ಬರುತ್ತದೆ. ಏನೂ ಇಲ್ಲದಿದ್ದರೆ ಹಳೆಯ ಹತ್ತಿ ಸೀರೆಯನ್ನು ಹೊರಗಿನ ಗ್ರಿಲ್‌ಗೆ ಕಟ್ಟಿ. ನಾವು ಮೊದಲ ವರ್ಷ ಅದನ್ನೇ ಮಾಡಿದ್ದು.

ಕಿಟಕಿ ಇಲ್ಲದ ಗೋಡೆಯೂ ಬಿಸಿ ಆಗುತ್ತದೆ. ಆರು ಇಂಚಿನ ಬ್ಲಾಕಿನ ಗೋಡೆಯ ಒಳಮೈಗೆ ಬಿಸಿ ಬರುವುದು ರಾತ್ರಿ ಎಂಟರ ಸುಮಾರಿಗೆ. ಒಂಬತ್ತು ಇಂಚಿನ ಇಟ್ಟಿಗೆಯದಾದರೆ ಇನ್ನೂ ತಡ. ಮಂಚದ ತಲೆದಿಕ್ಕು ಆ ಗೋಡೆಗೆ ತಾಗಿದ್ದರೆ ಇವತ್ತೇ ಸರಿಸಿ, ದುಡ್ಡಿಲ್ಲದೆ ಆಗುವ ಪರಿಹಾರ ಅದು. ಗೋಡೆಯ ಹೊರಗೆ ತಿಳಿ ಬಣ್ಣ ಇರಲಿ. ಬೇವು, ಹೊಂಗೆ ನೆಡಲು ಜಾಗ ಇದ್ದರೆ ಈ ದಿಕ್ಕಿನಲ್ಲೇ ನೆಡಿ.

ಬೆಳಿಗ್ಗೆ ಎಂಟಕ್ಕೇ ಝಳ ಶುರುವಾದರೆ ಇದೇ ದೋಷ ಪೂರ್ವದಲ್ಲಿದೆ, ಇದೇ ಮದ್ದು. ದಕ್ಷಿಣದ ಕಿಟಕಿಗೆ ಮಾತ್ರ ಸುಮ್ನೆ ದುಡ್ಡು ಹಾಕಬೇಡಿ. ಮೇ ತಿಂಗಳ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲಿರುತ್ತಾನೆ, ದಕ್ಷಿಣದ ಗೋಡೆಗೆ ಬಿಸಿಲು ತಾಕುವುದೇ ಕಡಿಮೆ. ಅಲ್ಲಿಗೆ ಬಿಸಿಲು ಬರುವುದು ಚಳಿಗಾಲದಲ್ಲಿ.

ಸ್ಲ್ಯಾಬು ಸರಿ, ಗೋಡೆ ಸರಿ, ಆದರೂ ರಾತ್ರಿ ಒಳಗೆ ಬಿಸಿ: ದೋಷ ಕಿಟಕಿ ತೆಗೆಯುವ ಹೊತ್ತಿನದು

ಬೆಳಿಗ್ಗೆಯಿಂದ ಸಂಜೆವರೆಗೆ ಕಿಟಕಿ ತೆಗೆದಿಟ್ಟು, ಸೊಳ್ಳೆ ಬರುತ್ತದೆ ಎಂದು ರಾತ್ರಿ ಮುಚ್ಚುವ ಮನೆಗಳೇ ಹೆಚ್ಚು. ಬೇಸಿಗೆಯಲ್ಲಿ ಇದು ಪೂರಾ ಉಲ್ಟಾ. 40 ಡಿಗ್ರಿಯ ಗಾಳಿಯನ್ನು ಕರೆದು ಒಳಗೆ ಕೂರಿಸಿ, ತಂಪು ಗಾಳಿಯ ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು.

ಯಾವಾಗ ತೆಗೆಯಬೇಕು ಎಂದು ಆ ಎರಡು ಥರ್ಮಾಮೀಟರ್ ಹೇಳುತ್ತವೆ. ಹೊರಗಿನದು ಒಳಗಿನದಕ್ಕಿಂತ ಕೆಳಗೆ ಇಳಿದ ಕೂಡಲೇ ತೆಗೆಯಿರಿ. ಮೇಲೆ ಏರಿದ ಕೂಡಲೇ ಮುಚ್ಚಿ. ನಮ್ಮಲ್ಲಿ ತೆಗೆಯುವುದು ರಾತ್ರಿ ಎಂಟರ ಹತ್ತಿರ, ಮುಚ್ಚುವುದು ಬೆಳಿಗ್ಗೆ ಎಂಟೂವರೆಗೆ. ಸೊಳ್ಳೆಗೆ ಜಾಲರಿ ಇರಲಿ, ಆದರೆ ಅದನ್ನು ತಿಂಗಳಿಗೊಮ್ಮೆ ತೊಳೆಯಿರಿ. ಧೂಳು ಕಟ್ಟಿದ ಜಾಲರಿ ಗೋಡೆಗೆ ಸಮ.

ಒಂದೇ ಕಿಟಕಿ ತೆಗೆದರೆ ಗಾಳಿ ಆಡುವುದಿಲ್ಲ. ಬರಲು ಒಂದು ದಾರಿ, ಹೋಗಲು ಇನ್ನೊಂದು ಬೇಕು. ಊದುಬತ್ತಿ ಹಚ್ಚಿ ಕಿಟಕಿಯ ಹತ್ತಿರ ಹಿಡಿದು ನೋಡಿ. ಹೊಗೆ ಕೋಣೆ ದಾಟಿ ಹೋಗುತ್ತಿದೆಯೋ, ಅಲ್ಲೇ ಸುಳಿಯುತ್ತಿದೆಯೋ? ಸುಳಿಯುತ್ತಿದ್ದರೆ ಹೋಗುವ ದಾರಿ ಇಲ್ಲ. ನಮ್ಮಲ್ಲಿ ಆ ದಾರಿ ಸಿಕ್ಕಿದ್ದು ತಾರಸಿಗೆ ಹೋಗುವ ಮೆಟ್ಟಿಲಿನ ತುದಿಯಲ್ಲಿ. ಆ ಬಾಗಿಲನ್ನು ಕಳ್ಳರ ಭಯಕ್ಕೆ ಯಾವಾಗಲೂ ಮುಚ್ಚಿರುತ್ತಿದ್ದೆವು. ಗ್ರಿಲ್ ಗೇಟು ಹಾಕಿಸಿ ರಾತ್ರಿ ಬಾಗಿಲು ತೆಗೆದಿಟ್ಟೆವು. ಬಿಸಿಗಾಳಿ ಮೇಲೇರಿ ಅಲ್ಲಿಂದ ಹೋಗತೊಡಗಿತು, ಕೆಳಗಿನ ಕಿಟಕಿಗಳಿಂದ ತಂಪು ಎಳೆದುಕೊಂಡು ಬಂತು. ಅಜ್ಜನ ಮನೆಯ ಬೆಳಕಿಂಡಿ ವಾಪಸ್ ಬಂದಂತೆ ಆಯಿತು.

ಕೂಲರ್ ಓಡುತ್ತದೆ, ತಂಪಿಲ್ಲ

ಮೊದಲು ನಿಮಗೆ ಆಗುತ್ತಿರುವುದು ಧಗೆಯೋ, ಸೆಕೆಯೋ ನೋಡಿ. ಬಾಯಿ ಒಣಗಿ, ಬೆವರು ಬಂದದ್ದೇ ತಿಳಿಯದಿದ್ದರೆ ಅದು ಧಗೆ, ಒಣ ಶಾಖ. ಕಲಬುರಗಿ, ರಾಯಚೂರು, ಬಳ್ಳಾರಿಯದು ಇದು. ಬೆವರು ಆರದೆ ಮೈಗೆ ಅಂಟಿಕೊಂಡರೆ ಸೆಕೆ. ಮಂಗಳೂರು, ಉಡುಪಿ, ಕಾರವಾರದ್ದು. ಕೂಲರ್ ಧಗೆಗೆ ಮದ್ದು, ಸೆಕೆಗೆ ಅಲ್ಲ. ಗಾಳಿ 40 ಡಿಗ್ರಿ ಇದ್ದು ತೇವಾಂಶ ಶೇಕಡಾ 20 ಇದ್ದರೆ ಒಳ್ಳೆಯ ಕೂಲರ್ 26-27 ಡಿಗ್ರಿಯ ಗಾಳಿ ಕೊಡಬಲ್ಲದು. ಕರಾವಳಿಯಲ್ಲಿ ಗಾಳಿ ಆಗಲೇ ನೀರು ಕುಡಿದಿರುತ್ತದೆ, ಅದಕ್ಕೆ ಇನ್ನಷ್ಟು ನೀರು ಬೆರೆಸಿ ಏನೂ ಆಗದು. ಅಲ್ಲಿ ಬೇಕಾದ್ದು ಗಾಳಿಯ ಓಟ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಆ ಹೆಂಚಿನ ಸೂರು ಕರಾವಳಿಗೆ ಅಷ್ಟು ಒಗ್ಗಿದ್ದಕ್ಕೆ ಮಳೆ ಮಾತ್ರ ಕಾರಣವಲ್ಲ. ಹೆಂಚುಗಳ ಸಂದಿಯಿಂದ ಬಿಸಿಗಾಳಿ ತಾನಾಗಿ ಹೊರಗೆ ಹೋಗುತ್ತದೆ.

ಒಣ ಊರಿನಲ್ಲೂ ಕೂಲರ್ ಸೋತರೆ ಕಾರಣ ಹೆಚ್ಚಾಗಿ ಒಂದೇ. ಎಸಿ ಹಾಕಿದ ಹಾಗೆ ಬಾಗಿಲು ಕಿಟಕಿ ಮುಚ್ಚಿ ಓಡಿಸಿರುತ್ತೀರಿ. ಅರ್ಧ ಗಂಟೆಯಲ್ಲಿ ಕೋಣೆಯ ಗಾಳಿ ತೇವವಾಗಿ, ನಿಮ್ಮ ಧಗೆಯನ್ನು ನೀವೇ ಸೆಕೆ ಮಾಡಿಕೊಂಡ ಹಾಗಾಗುತ್ತದೆ. ಕೂಲರ್ ಹೊರಗಿನ ಗಾಳಿ ಎಳೆಯುವಂತೆ ಕಿಟಕಿಗೆ ಇಡಿ. ಎದುರು ಕಿಟಕಿಯನ್ನು ಒಂದು ಗೇಣು ತೆಗೆದಿಡಿ. ಆಮೇಲೂ ತಂಪಿಲ್ಲದಿದ್ದರೆ ಪ್ಯಾಡ್ ಬಿಚ್ಚಿ ನೋಡಿ. ಬೋರ್ ನೀರಿನ ಉಪ್ಪು ಬಿಳಿಯಾಗಿ ಕಟ್ಟಿ ಗಾಳಿಯ ದಾರಿ ಮುಚ್ಚಿರುತ್ತದೆ. ತೊಟ್ಟಿಯ ನೀರನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ, ಡೆಂಗಿ ಸೊಳ್ಳೆ ಇಂಥ ನೀರಿನಲ್ಲೇ ಮೊಟ್ಟೆ ಇಡುವುದು. ಜೂನಿನಲ್ಲಿ ಮಳೆ ಬಿದ್ದ ಮೇಲೆ ಕೂಲರ್ ಕೆಲಸ ಮಾಡದಿದ್ದರೆ ರಿಪೇರಿಗೆ ಒಯ್ಯಬೇಡಿ, ಅದರದೇನೂ ತಪ್ಪಿಲ್ಲ.

ಎಸಿ ಇದ್ದರೂ ಕೋಣೆ ಆರುತ್ತಿಲ್ಲ ಎಂದರೆ ಮತ್ತೆ ಸೂರಿಗೆ ಕೈ ಇಟ್ಟು ನೋಡಿ. ಬಿಸಿ ಸ್ಲ್ಯಾಬಿನ ಕೆಳಗೆ ಎಸಿ ರಾತ್ರಿಯಿಡೀ ಸ್ಲ್ಯಾಬಿನ ಜೊತೆ ಗುದ್ದಾಡುತ್ತಿರುತ್ತದೆ. ಮೊದಲು ಸುಣ್ಣ, ಆಮೇಲೆ ಎಸಿ. 24 ಡಿಗ್ರಿಗೆ ಇಟ್ಟು ಫ್ಯಾನನ್ನು ಮೆಲ್ಲಗೆ ಹಾಕಿಕೊಂಡರೆ ಸಾಕು.

ಸಣ್ಣ ಕಳ್ಳರು

ಫ್ರಿಜ್ ತನ್ನ ಬೆನ್ನಿನಿಂದ ಶಾಖ ಬಿಡುತ್ತದೆ, ಮಲಗುವ ಕೋಣೆಯಲ್ಲಿ ಇದ್ದರೆ ಹೊರಗೆ ಹಾಕಿ. ರೊಟ್ಟಿ, ಸಾರು ಬೆಳಿಗ್ಗೆ ಒಂಬತ್ತರ ಒಳಗೆ ಮುಗಿಯಲಿ. ತಾರಸಿಯ ಕಪ್ಪು ಟ್ಯಾಂಕಿಗೆ ಬಿಳಿ ಬಣ್ಣ ಬಳಿದು ಗೋಣಿಚೀಲ ಸುತ್ತಿ, ಇಲ್ಲದಿದ್ದರೆ ಸಂಜೆಯ ಸ್ನಾನಕ್ಕೂ ಸುಡು ನೀರೇ.

ದೋಷ ಮನೆಯದಲ್ಲ, ಮೈಯದು ಎಂದಾಗ

ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ. ಹೊರಗಿನ ಗಾಳಿಯೇ 40 ಡಿಗ್ರಿ ದಾಟಿದಾಗ ಬರೀ ಫ್ಯಾನ್ ನಂಬಿ ಕೂರಬಾರದು. ಅದು ಬಿಸಿಗಾಳಿಯನ್ನೇ ಮೈಗೆ ಬೀಸುತ್ತದೆ. ತೆಳ್ಳನೆಯ ಒದ್ದೆ ಬಟ್ಟೆ ಮೈಮೇಲೆ ಇದ್ದರೆ ಮಾತ್ರ ಅದರಿಂದ ಉಪಯೋಗ. ವಯಸ್ಸಾದವರಿಗೆ ಬಾಯಾರಿಕೆ ತಿಳಿಯುವುದೇ ಕಡಿಮೆ, ಕೇಳದಿದ್ದರೂ ಮಜ್ಜಿಗೆ, ನೀರು ಕೊಡುತ್ತಿರಿ. ಯಾರಾದರೂ ಗೊಂದಲದಲ್ಲಿ ಏನೇನೋ ಮಾತಾಡಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ, ಎಚ್ಚರ ತಪ್ಪಿದರೆ ಅದು ಬಿಸಿಲಾಘಾತ. ತಕ್ಷಣ 108ಕ್ಕೆ ಫೋನ್ ಮಾಡಿ. ಗಾಡಿ ಬರುವವರೆಗೆ ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಯೆಲ್ಲ ಒದ್ದೆ ಮಾಡಿ ಗಾಳಿ ಹಾಕಿ. ಕುತ್ತಿಗೆಗೆ, ಕಂಕುಳಿಗೆ ಐಸು ಇಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹಾಕಬೇಡಿ.

ಮರುಪರೀಕ್ಷೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎರಡು ದಿನ ಅದೇ ಆರು ಹೊತ್ತಿನಲ್ಲಿ ಬರೆದುಕೊಳ್ಳಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದೇ ತಿಳಿಯುವುದಿಲ್ಲ. ನಮ್ಮ ನೋಟ್‌ಬುಕ್ಕಿನಲ್ಲಿ ಸುಣ್ಣದ ನಂತರ ರಾತ್ರಿ ಹತ್ತರ ವ್ಯತ್ಯಾಸ ಐದರಿಂದ ಎರಡೂವರೆಗೆ ಇಳಿಯಿತು. ಮೆಟ್ಟಿಲಿನ ಬಾಗಿಲು ತೆಗೆದಿಟ್ಟ ಮೇಲೆ ಒಂದಕ್ಕೆ ಬಂತು. ಮುಂದಿನ ಕೋಣೆ ಈಗಲೂ ಸಂಜೆ ಐದರಿಂದ ಏಳರವರೆಗೆ ಕಾಯುತ್ತದೆ. ಅಲ್ಲಿನ ಗೋಡೆಗೆ ನೆರಳು ಕೊಡುವ ಹೊಂಗೆ ಇನ್ನೂ ಸೊಂಟದೆತ್ತರ ಇದೆ. ಅವ್ವ ದಿನಾ ಪಾತ್ರೆ ತೊಳೆದ ನೀರು ಹಾಕುತ್ತಾಳೆ.